ಹೊಲಿದವರು ಯಾರು?

ಕಳೆದ ತಿಂಗಳು ನಮ್ಮ ಸಂಘದ ಬೈಠಕ್ಕಿನಲ್ಲಿ ಕವಿತೆ ಓದುವವರು ಯಾರೂ ಸಿಗಲಿಲ್ಲ. ಇಬ್ಬರು ಕವಿಗಳಿಗೆ ಪರೀಕ್ಷೆ, ಒಬ್ಬನಿಗೆ ಜ್ವರ. ಹೀಗಾಗಿ ಫ್ಯಾಷನ್ ಡಿಸೈನ್ ಓದುತ್ತಿರುವ ನಮ್ಮ ಗೆಳತಿಯೊಬ್ಬಳು "ನಾನು ಒಂದಷ್ಟು ಚಿತ್ರ ತೋರಿಸ್ತೀನಿ, ನೋಡ್ತೀರಾ?" ಅಂದಳು. ಗೋಡೆಯ ಮೇಲೆ ಬಿದ್ದ ಮೊದಲ ಚಿತ್ರವೇ ಒಂದು ಗಂಟೆಯ ಜಗಳಕ್ಕೆ ಕಾರಣವಾಯಿತು. ಕವಿತೆ ಓದಿದ್ದರೆ ಇಷ್ಟು ಜಗಳ ಖಂಡಿತ ಆಗುತ್ತಿರಲಿಲ್ಲ.

ಚಿತ್ರದಲ್ಲಿ ಇದ್ದದ್ದು ಇಷ್ಟೇ: ಒಂದು ಬೊಂಬೆ. ಅದರ ಮೇಲೆ ಕೆನೆಬಣ್ಣದ ರೇಷ್ಮೆ ಕೋಟು. ಸೊಂಟದ ಬಳಿ ಮುಷ್ಟಿಯಲ್ಲಿ ಹಿಡಿದಂತೆ ಸಣ್ಣಗಾಗಿ, ಅಲ್ಲಿಂದ ಕೆಳಗೆ ಹೂವು ಅರಳಿದಂತೆ ಉಬ್ಬಿಕೊಂಡಿದೆ. ಅದರ ಕೆಳಗೆ ನೆರಿಗೆ ನೆರಿಗೆಯಾಗಿ ಮೀನಖಂಡದ ತನಕ ಇಳಿದ ಕಪ್ಪು ಉಣ್ಣೆಯ ಲಂಗ. ಜೊತೆಗೆ ಅಗಲ ಅಂಚಿನ ಟೋಪಿ, ಕೈಗವಸು, ಚೂಪು ಮೂತಿಯ ಎತ್ತರದ ಚಪ್ಪಲಿ. ರಾತ್ರಿಯ ಔತಣಕ್ಕೆ ಹಾಕುವಂಥದ್ದಲ್ಲ ಇದು. ಮಧ್ಯಾಹ್ನ ಹೊರಗೆ ಹೋಗುವಾಗ ಹಾಕುವ ಹಗಲಿನ ಉಡುಪು. ಪ್ಯಾರಿಸ್ಸಿನ ಕ್ರಿಶ್ಚಿಯನ್ ಡಿಯೋರ್ 1947ರಲ್ಲಿ ವಿನ್ಯಾಸ ಮಾಡಿದ್ದು. ಹೆಸರು 'ಬಾರ್' ಸೂಟ್. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಒಂದಿದೆ, ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಒಂದಿದೆ.

ನಮ್ಮಲ್ಲಿ ಇತಿಹಾಸ ಓದುವ ಗೆಳೆಯನೊಬ್ಬನಿದ್ದಾನೆ. ಅವನು ಕೂಡಲೇ ಎದ್ದು ನಿಂತ. "ಮ್ಯೂಸಿಯಂನಲ್ಲಿ ಇಡೋಕೆ ಇದೇನು ಅಶೋಕನ ಶಾಸನವಾ? ಶ್ರೀಮಂತ ಹೆಂಗಸರ ಷೋಕಿ ಇದು. ನಾಳೆ ಇವರು ಬಿಟ್ಟ ಚಪ್ಪಲೀನೂ ಗಾಜಿನ ಪೆಟ್ಟಿಗೇಲಿ ಇಡ್ತಾರೆ!" ಅಂದ. ಗೆಳತಿ ಸುಮ್ಮನಿರುವವಳಲ್ಲ. "ಚಪ್ಪಲೀನೂ ಇಟ್ಟಿದ್ದಾರೆ, ನೋಡು. ಇದು ಕಲೆ. ಚಿತ್ರಕ್ಕೆ ಪಿಕಾಸೊ ಹೇಗೋ ಬಟ್ಟೆಗೆ ಡಿಯೋರ್ ಹಾಗೆ" ಅಂದಳು. ಮಿಕ್ಕವರು ಚಹಾ ಆರುವ ತನಕ ಆ ಕಡೆ ಈ ಕಡೆ ವಾಲಿದರು.

ನಾನು ಅವತ್ತು ಬಾಯಿ ಬಿಡಲಿಲ್ಲ. ಆಡಬೇಕಾದ ಮಾತು ನನಗೆ ಯಾವಾಗಲೂ ಲೋಕಲ್ ಟ್ರೇನು ಹತ್ತಿದ ಮೇಲೆ ಹೊಳೆಯುತ್ತದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಆ ಉಡುಪು ಮ್ಯೂಸಿಯಂನಲ್ಲಿ ಇರಲೇಬೇಕು. ಆದರೆ ಅದರ ಪಕ್ಕದಲ್ಲಿ ತೂಗುಹಾಕುವ ಫಲಕ ಬದಲಾಗಬೇಕು.

ಮೊದಲು ಇತಿಹಾಸದ ಗೆಳೆಯನಿಗೆ ಉತ್ತರ.

1947ರ ಫೆಬ್ರವರಿ 12. ಪ್ಯಾರಿಸ್ಸಿನ ಅವೆನ್ಯೂ ಮೊಂತೇನ್ ಎಂಬ ಬೀದಿಯ 30ನೆಯ ನಂಬರಿನ ಮನೆ. ಡಿಯೋರ್ ತನ್ನ ಸ್ವಂತ ಹೆಸರಿನಲ್ಲಿ ಮೊದಲ ಸಲ ಉಡುಪುಗಳನ್ನು ತೋರಿಸಿದ್ದು ಅಂದು, ಅಲ್ಲಿ. ಮಹಾಯುದ್ಧ ಮುಗಿದು ಇನ್ನೂ ಎರಡು ವರ್ಷ ಆಗಿರಲಿಲ್ಲ. ಯುದ್ಧದ ಕಾಲದ ಹೆಂಗಸರ ಉಡುಪು ಹೇಗಿತ್ತು? ಚೌಕಾಕಾರದ ಹೆಗಲು, ಮೊಣಕಾಲಿನ ತನಕ ಬರುವ ಗಿಡ್ಡ ಲಂಗ, ಬಟ್ಟೆಯಲ್ಲಿ ಎಲ್ಲೆಲ್ಲೂ ಉಳಿತಾಯ. ಬ್ರಿಟನ್ನಿನಲ್ಲಂತೂ 1941ರ ಜೂನ್‌ನಿಂದ ಬಟ್ಟೆಗೆ ರೇಷನ್. ಒಂದು ಉಡುಪಿಗೆ ಎಷ್ಟು ನೆರಿಗೆ, ಎಷ್ಟು ಗುಂಡಿ, ಎಷ್ಟು ಜೇಬು ಅನ್ನುವುದಕ್ಕೂ ಸರ್ಕಾರದ ಕಾನೂನು ಇತ್ತು. ಆ ರೇಷನ್ ಮುಗಿದದ್ದು 1949ರ ಮಾರ್ಚಿನಲ್ಲಿ. ನಮ್ಮಲ್ಲೂ 1943ರಲ್ಲಿ ಹತ್ತಿ ಬಟ್ಟೆ ಮತ್ತು ನೂಲಿನ ನಿಯಂತ್ರಣ ಆಜ್ಞೆ ಬಂದಿತ್ತು. ಗಿರಣಿಗಳ ಈ ಊರಿನಲ್ಲೇ ಬಟ್ಟೆಗೆ ಕಂಟ್ರೋಲು!

ಅಂಥ ಹೊತ್ತಿನಲ್ಲಿ ಒಬ್ಬಾತ ಮೀಟರುಗಟ್ಟಲೆ ಬಟ್ಟೆಯನ್ನು ನೆರಿಗೆ ಹಿಡಿದು ಒಂದೇ ಲಂಗಕ್ಕೆ ಸುರಿದ. ಅಮೆರಿಕದ 'ಹಾರ್ಪರ್ಸ್ ಬಜಾರ್' ಪತ್ರಿಕೆಯ ಸಂಪಾದಕಿ ಕಾರ್ಮೆಲ್ ಸ್ನೋ ಇದನ್ನು 'ನ್ಯೂ ಲುಕ್' ಅಂದಳು. ಆ ಹೆಸರು ಜಗತ್ತಿನಾದ್ಯಂತ ಅಂಟಿಕೊಂಡಿತು. ಇಷ್ಟೊಂದು ಬಟ್ಟೆ ಸುರಿಯಲು ಬಂಡವಾಳ ಹಾಕಿದವನು ಯಾರು ಅಂತೀರಿ? ಮಾರ್ಸೆಲ್ ಬುಸಾಕ್ ಅಂತ, ಫ್ರಾನ್ಸಿನ ದೊಡ್ಡ ಹತ್ತಿ ಗಿರಣಿಗಳ ಧಣಿ. ಬಟ್ಟೆ ಹೆಚ್ಚು ಖರ್ಚಾದಷ್ಟೂ ಬಟ್ಟೆಯ ಧಣಿಗೆ ಸಂತೋಷ. ಇದರಲ್ಲಿ ಗುಟ್ಟೇನೂ ಇಲ್ಲ.

ಜನ ಸುಮ್ಮನೆ ನೋಡುತ್ತ ಕೂರಲಿಲ್ಲ. ಆ ವರ್ಷವೇ ಪ್ಯಾರಿಸ್ಸಿನ ರ್ಯೂ ಲೆಪಿಕ್ ಎಂಬ ಸಂತೆಬೀದಿಯಲ್ಲಿ ಈ ಹೊಸ ಉಡುಪು ತೊಟ್ಟು ಬಂದವಳ ಬಟ್ಟೆಯನ್ನು ಬೇರೆ ಹೆಂಗಸರು ಹಿಡಿದೆಳೆದರು. ಅದರ ಫೋಟೊಗಳೂ ಇವೆ. ಅಮೆರಿಕದ ಡಲ್ಲಾಸ್‌ನಲ್ಲಿ ಉದ್ದ ಲಂಗದ ವಿರುದ್ಧ 'ಮೊಣಕಾಲಿನಿಂದ ತುಸು ಕೆಳಗೆ' ಎಂಬ ಅರ್ಥದ ಹೆಸರಿನ ಕ್ಲಬ್ಬನ್ನೇ ಹೆಂಗಸರು ಕಟ್ಟಿದರು. ಬ್ರಿಟನ್ನಿನಲ್ಲಿ ಈ ಉಡುಪಿನ ಮೇಲೆ ಸಿಡುಕಿದವರಲ್ಲಿ ಒಬ್ಬರು ವ್ಯಾಪಾರ ಮಂಡಳಿಯ ಅಧ್ಯಕ್ಷರಾಗಿದ್ದ ಸರ್ ಸ್ಟಾಫರ್ಡ್ ಕ್ರಿಪ್ಸ್. ಹೌದು ಸ್ವಾಮಿ, ಅದೇ ಕ್ರಿಪ್ಸ್! 1942ರಲ್ಲಿ 'ಕ್ರಿಪ್ಸ್ ಮಿಷನ್' ಅಂತ ಭಾರತಕ್ಕೆ ಬಂದು ಬರಿಗೈಲಿ ಹೋದವರು. ನಾವು ಪರೀಕ್ಷೆಗೆ ಐದು ಅಂಕಕ್ಕೆ ಬಾಯಿಪಾಠ ಮಾಡಿದ ಮನುಷ್ಯ ಐದು ವರ್ಷದ ಮೇಲೆ ಹೆಂಗಸರ ಲಂಗದ ಉದ್ದದ ಬಗ್ಗೆ ತಲೆ ಕೆಡಿಸಿಕೊಂಡು ಕೂತಿದ್ದ. ಇದು ನಮ್ಮ ಪಠ್ಯಪುಸ್ತಕದಲ್ಲಿ ಇಲ್ಲ.

ಇನ್ನೂ ಒಂದು ಮಾತು. ಫ್ರಾನ್ಸಿನ ಹೆಂಗಸರಿಗೆ ಮತದಾನದ ಹಕ್ಕು ಬಂದದ್ದು 1944ರಲ್ಲಿ. ಅವರು ಮೊದಲು ಮತ ಹಾಕಿದ್ದು 1945ರಲ್ಲಿ. ಮೊದಲು ಮತ ಹಾಕಿದ ಎರಡೇ ವರ್ಷಕ್ಕೆ ಸೊಂಟ ಬಿಗಿಯುವ ಕೋಟು ಬಂತು. ಅಜ್ಜಿಯರ ಕಾಲದ ಬಿಗಿ ಮತ್ತೆ ವಾಪಸು. ಇದು ಕಾಕತಾಳೀಯವೋ ಹೇಗೆ ಅಂತ ನಮ್ಮ ಸಂಘದ ಹುಡುಗಿಯರು ಅಂದು ಕೇಳಿದ್ದು ಸುಮ್ಮನೆ ಅಲ್ಲ. ಯುದ್ಧದಲ್ಲಿ ದುಡಿದು ದಣಿದವಳಿಗೆ ಚೆಂದ ಕಾಣುವ ಆಸೆ ಇರಬಾರದೇ ಎಂದು ಎದುರು ವಾದಿಸಿದವರೂ ಹುಡುಗಿಯರೇ. ಎರಡೂ ನಿಜ ಇರಬಹುದು.

ಈಗ ಹೇಳಿ: ಅನ್ನದ ಹಸಿವು, ಬಟ್ಟೆಯ ಹಸಿವು, ಗಿರಣಿ ಧಣಿಯ ಲಾಭ, ಸರ್ಕಾರದ ಕಾನೂನು, ಹೆಣ್ಣಿನ ಮೈಮೇಲೆ ಯಾರ ಅಧಿಕಾರ ಎಂಬ ಪ್ರಶ್ನೆ ಎಲ್ಲವೂ ಒಂದು ಕೋಟು ಲಂಗದಲ್ಲಿ ಮಡಿಚಿಟ್ಟಿವೆ. ಇದು ಇತಿಹಾಸ ಅಲ್ಲದಿದ್ದರೆ ಯಾವುದು ಇತಿಹಾಸ? ರಾಜರ ಕತ್ತಿಯನ್ನು ಮ್ಯೂಸಿಯಂನಲ್ಲಿ ಇಡುವಾಗ ನಾವು "ಕೊಲೆ ಮಾಡಿದ ವಸ್ತು, ಎಸೆಯಿರಿ" ಅನ್ನುವುದಿಲ್ಲವಲ್ಲ. ಹಾಗಾಗಿ ಗೆಳೆಯಾ, ಶ್ರೀಮಂತರ ಉಡುಪು ಎಂಬ ಒಂದೇ ಕಾರಣಕ್ಕೆ ಹೊರಗಟ್ಟಬೇಡ. ಶ್ರೀಮಂತರ ಉಡುಪಿನಲ್ಲೇ ಬಡವರ ಕೈ ಹೆಚ್ಚು ಆಡಿರುತ್ತದೆ.

ಇನ್ನು ನನ್ನ ಗೆಳತಿಗೆ ಉತ್ತರ. ಇದು ಸ್ವಲ್ಪ ಕಷ್ಟ, ಯಾಕೆಂದರೆ ಅವಳು ನನಗಿಂತ ಹೆಚ್ಚು ಓದಿಕೊಂಡಿದ್ದಾಳೆ.

'ಡಿಯೋರ್‌ನ ಬಾರ್ ಸೂಟ್, 1947' ಅನ್ನುವಾಗ ನಮ್ಮ ಕಣ್ಣಿಗೆ ಒಬ್ಬ ಕಲಾವಿದ, ಒಂದು ಕೃತಿ, ಒಂದು ವರ್ಷ ಕಾಣುತ್ತದೆ. ಮೆಟ್ರೊಪಾಲಿಟನ್ ಮ್ಯೂಸಿಯಂನ ದಾಖಲೆಯನ್ನು ಪೂರ್ತಿ ಓದಿದರೆ ಬೇರೆ ಕಥೆ. ಅಲ್ಲಿ ನಿಂತಿರುವ ಕೋಟು ಒಬ್ಬ ಮಹಿಳೆಯ ದಾನವಾಗಿ 1958ರಲ್ಲಿ ಬಂದದ್ದು. ಲಂಗ ಡಿಯೋರ್ ಸಂಸ್ಥೆಯೇ ಕೊಟ್ಟದ್ದು, 1969ರಲ್ಲಿ. ಡಿಯೋರ್ ಎಂಬ ಮನುಷ್ಯ ತೀರಿಹೋದದ್ದು 1957ರ ಅಕ್ಟೋಬರಿನಲ್ಲಿ. ಅಂದರೆ ಕೋಟು ಲಂಗ ಎರಡೂ ಮ್ಯೂಸಿಯಂನಲ್ಲಿ ಒಂದಾಗುವ ಹೊತ್ತಿಗೆ ಆತ ಸತ್ತು 12 ವರ್ಷ. ನಾವು ಒಂದು ಉಡುಪು ಅಂದುಕೊಂಡದ್ದು ಎರಡು ಕಡೆಯಿಂದ, ಎರಡು ಕಾಲದಲ್ಲಿ ಬಂದು ಬೊಂಬೆಯ ಮೇಲೆ ಜೋಡಿಯಾದದ್ದು. ಮ್ಯೂಸಿಯಂ ಇದನ್ನು ಮುಚ್ಚಿಟ್ಟಿಲ್ಲ, ದಾಖಲೆಯಲ್ಲಿ ಬರೆದಿದೆ. ಆದರೆ ಗಾಜಿನ ಮುಂದೆ ನಿಂತು ಫೋಟೊ ಹೊಡೆಯುವವನ ಮನಸ್ಸಿನಲ್ಲಿ ಉಳಿಯುವುದು ಒಂದು ಹೆಸರು, ಒಂದು ವರ್ಷ.

ಜೊತೆಯ ಸಾಮಾನುಗಳ ವಿಷಯವೂ ಹಾಗೆಯೇ. ಟೋಪಿ ಮಾಡುವವರ ಕಸುಬು ಬೇರೆ, ಕೈಗವಸಿನವರದು ಬೇರೆ, ಚಪ್ಪಲಿಯವರದು ಬೇರೆ. ಟೋಪಿಯವಳಿಗೆ ಹುಲ್ಲು, ಉಣ್ಣೆಯ ಗುಣ ಗೊತ್ತಿರಬೇಕು. ಕೈಗವಸಿನವನಿಗೆ ತೆಳುಚರ್ಮ ಎಷ್ಟು ಹಿಗ್ಗುತ್ತದೆ ಅಂತ ಬೆರಳಿಗೇ ಗೊತ್ತಾಗಬೇಕು. ಈ ಸಾಮಾನುಗಳನ್ನು ಒಟ್ಟಿಗೆ ಇಟ್ಟು ಕಾಯುವುದೂ ಸುಲಭವಲ್ಲ. ರೇಷ್ಮೆ ಬೆಳಕಿಗೆ ಸೋಲುತ್ತದೆ, ಚರ್ಮ ಒಣಗಿದರೆ ಬಿರಿಯುತ್ತದೆ, ಉಣ್ಣೆಗೆ ನುಸಿ. ಅದಕ್ಕೇ ಹಳೆಯ ಬಟ್ಟೆಯನ್ನು ತೋರಿಸುವಾಗ ದೀಪವನ್ನು ಸುಮಾರು 50 ಲಕ್ಸ್‌ಗಿಂತ ಹೆಚ್ಚು ಬೆಳಗಿಸುವುದಿಲ್ಲ. ಕೆಲವು ತಿಂಗಳು ತೋರಿಸಿ ಮತ್ತೆ ಕತ್ತಲೆಯ ಕಪಾಟಿಗೆ ಕಳಿಸುತ್ತಾರೆ. ಎಲ್ಲ ಸರಿ. ಆದರೂ ಟೋಪಿ, ಕೈಗವಸು, ಚಪ್ಪಲಿ ಇಲ್ಲದ ಹಗಲಿನ ಉಡುಪು ಅರ್ಧ ವಾಕ್ಯ ಇದ್ದಂತೆ. ಬಿಸಿಲು ಇತ್ತೇ, ನಡೆದು ಹೋದಳೇ, ಮೋಟಾರಿನಲ್ಲಿ ಹೋದಳೇ, ಬರಿಗೈ ತೋರಿಸುವುದು ಅವಳ ಜಗತ್ತಿನಲ್ಲಿ ಮರ್ಯಾದೆಗೇಡಾಗಿತ್ತೇ ಎಂಬುದನ್ನೆಲ್ಲ ಹೇಳುವುದು ಕೋಟಲ್ಲ, ಈ ಚಿಲ್ಲರೆ ಸಾಮಾನು.

ಕೋಟಿಗೇ ಬರೋಣ. ಇಂಥ ಮನೆಗಳಲ್ಲಿ ಕೆಲಸ ನಡೆಯುವ ರೀತಿ ಹೀಗೆ: ಡಿಸೈನರು ಗೆರೆ ಎಳೆಯುತ್ತಾನೆ. ಹೊಲಿಗೆಮನೆಯ ಮುಖ್ಯಸ್ಥೆ ಅಥವಾ ಮುಖ್ಯಸ್ಥ ಆ ಗೆರೆಯನ್ನು ಮೊದಲು ಬಿಳಿ ಹತ್ತಿ ಬಟ್ಟೆಯಲ್ಲಿ ಹೊಲಿಸಿ ಬೊಂಬೆಯ ಮೇಲೆ, ಆಮೇಲೆ ಮಾಡೆಲ್ ಹುಡುಗಿಯ ಮೇಲೆ ನಿಲ್ಲಿಸುತ್ತಾರೆ. ಬಿಚ್ಚಿ, ತಿದ್ದಿ, ಮತ್ತೆ ಕಚ್ಚಾ ಹೊಲಿಗೆ ಹಾಕಿ, ಕೊನೆಗೆ ನಿಜವಾದ ಬಟ್ಟೆಗೆ ಕತ್ತರಿ. ಅದಾದ ಮೇಲೆ ಪ್ರತಿಯೊಬ್ಬ ಗಿರಾಕಿಯ ಅಳತೆಗೂ ಅದನ್ನು ಮತ್ತೆ ಹೊಲಿಯಬೇಕು. ಹೀಗೆ ಕೂತು ಹೊಲಿಯುವ ಹೆಂಗಸರಿಗೆ ಪ್ಯಾರಿಸ್ಸಿನಲ್ಲಿ ಒಂದು ಹೆಸರಿದೆ: ಪೆತೀತ್ ಮ್ಯಾಂ. ಅಂದರೆ ಪುಟ್ಟ ಕೈಗಳು. ಮುದ್ದಾಗಿ ಕೇಳಿಸುತ್ತದೆ, ಅಲ್ಲವೇ? ಆದರೆ ಗಮನಿಸಿ, ಆ ಹೆಸರಿನಲ್ಲಿ ಬರೀ ಕೈ ಇದೆ. ಮುಖ ಇಲ್ಲ.

ಆ ಕಾಲದ ಡಿಯೋರ್ ಹೊಲಿಗೆಮನೆಯಿಂದ ನಮಗೆಲ್ಲ ಗೊತ್ತಿರುವ ಹೆಸರು ಪಿಯೆರ್ ಕಾರ್ಡಿನ್. 'ನ್ಯೂ ಲುಕ್' ಹುಟ್ಟಿದಾಗ ಆತ ಅಲ್ಲಿ ಕೋಟು ಹೊಲಿಯುವ ವಿಭಾಗದಲ್ಲಿ ಇದ್ದ. ಆತನ ಹೆಸರು ಯಾಕೆ ಉಳಿಯಿತು? ಚೆನ್ನಾಗಿ ಹೊಲಿದ ಅಂತಲೇ? ಅಲ್ಲ. 1950ರಲ್ಲಿ ತನ್ನದೇ ಅಂಗಡಿ ತೆರೆದ, ಅದಕ್ಕೆ. ಅಂಗಡಿ ತೆರೆಯದವರ ಹೆಸರು ಹೋಯಿತು. ಕವಿತೆಗೆ ಒಬ್ಬ ಕವಿ ಸಾಕು, ಚಿತ್ರಕ್ಕೆ ಒಬ್ಬ ಚಿತ್ರಕಾರ ಸಾಕು, ಕೋಟಿಗೆ ಸಾಲದು. ಪಿಕಾಸೊನ ಹೋಲಿಕೆ ಇಲ್ಲಿ ಒಡೆಯುತ್ತದೆ.

ಇಷ್ಟೆಲ್ಲ ನನಗೆ ಹೊಳೆದದ್ದು ಪುಸ್ತಕ ಓದಿ ಅಲ್ಲ. ಅವತ್ತು ರಾತ್ರಿ ಮನೆಗೆ ಹೋಗಿ ಆ ಚಿತ್ರವನ್ನು ಅವ್ವನಿಗೆ ತೋರಿಸಿದೆ. ಅವ್ವ ನಮ್ಮ ಚಾಳಿನ ಖೋಲಿಯಲ್ಲೇ ಮಶೀನು ಇಟ್ಟುಕೊಂಡು ಸೀರೆಗೆ ಫಾಲು, ಪಿಕೋ ಮಾಡುತ್ತಾಳೆ. ಒಂದು ಬುಟಿಕ್ಕಿನವರಿಗೆ ರವಿಕೆ ಹೊಲಿದುಕೊಡುತ್ತಾಳೆ, ನಗಕ್ಕೆ ಇಷ್ಟು ಅಂತ. ಕೈಯಲ್ಲಿದ್ದ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು ಚಿತ್ರವನ್ನು ಹತ್ತಿರ ಹಿಡಿದು ನೋಡಿದಳು. "ನಡಾ ಸಣ್ಣ ಕಾಣ್ಲಿ ಅಂತ ಅದರ ಕೆಳಗ ಏನೋ ತುಂಬ್ಯಾರ ನೋಡು. ಬರೇ ಬಟ್ಟಿ ಹಿಂಗ ನಿಲ್ಲೂದಿಲ್ಲ" ಅಂದಳು.

ನಾನು ಬೆರಗಾದೆ. ಆ ಕೋಟಿನ ಸೊಂಟದ ಕೆಳಗಿನ ಭಾಗಕ್ಕೆ ಒಳಗಿಂದ ದಪ್ಪ ಕೊಟ್ಟಿರುವುದು ನಿಜ. ಗೆಳತಿ ಅದನ್ನು ತರಗತಿಯಲ್ಲಿ ಕಲಿತಿದ್ದಳು. ಅವ್ವ ಒಂದೇ ನೋಟಕ್ಕೆ ಹೇಳಿದಳು.

"ಯಾರು ಹೊಲ್ದಾರ ಇದನ್ನ?" ಅಂತ ಕೇಳಿದಳು.

"ಡಿಯೋರ್ ಅಂತ, ದೊಡ್ಡ ಡಿಸೈನರು" ಅಂದೆ.

"ಅಂವ ಬರದಾನ. ಹೊಲದಾವ್ರು ಯಾರು?"

ನನ್ನ ಬಳಿ ಉತ್ತರ ಇರಲಿಲ್ಲ. ಅವ್ವ ಅದನ್ನು ವಾದಕ್ಕಾಗಿ ಕೇಳಿರಲಿಲ್ಲ. ಒಬ್ಬ ಅಡಿಗೆಯವಳು ಇನ್ನೊಬ್ಬಳ ಸಾರು ರುಚಿ ನೋಡಿ "ಯಾರು ಮಾಡಿದ್ದು?" ಅಂತ ಕೇಳುವ ಹಾಗೆ ಕೇಳಿದ್ದಳು, ಅಷ್ಟೆ. ಆಮೇಲೆ ಮಶೀನಿನ ಮುಂದೆ ಕೂತು ನಾಳೆ ಕೊಡಬೇಕಾದ ರವಿಕೆಗಳನ್ನು ತೆಗೆದಳು. ಅವುಗಳ ಕುತ್ತಿಗೆಯ ಒಳಗೆ ಒಂದು ಸಣ್ಣ ಪಟ್ಟಿ ಹೊಲಿಯಬೇಕು. ಪಟ್ಟಿಯ ಮೇಲೆ ಬುಟಿಕ್ಕಿನ ಒಡತಿಯ ಹೆಸರು, ಚಿನ್ನದ ಬಣ್ಣದ ಇಂಗ್ಲಿಷ್ ಅಕ್ಷರದಲ್ಲಿ. ಕತ್ತರಿಸಿದವಳು ಅವ್ವ, ಹೊಲಿದವಳು ಅವ್ವ, ಹುಕ್ಕು ಹಾಕಿದವಳು ಅವ್ವ. ಕೊನೆಗೆ ಇನ್ನೊಬ್ಬಳ ಹೆಸರನ್ನು ಹೊಲಿಯುವವಳೂ ಅವ್ವನೇ. ಎಷ್ಟೋ ವರ್ಷದಿಂದ ನೋಡುತ್ತಿದ್ದೇನೆ. ಆ ರಾತ್ರಿಯೇ ಮೊದಲ ಸಲ ಕಂಡಿತು.

ಇದನ್ನು ದೂರದ ಪ್ಯಾರಿಸ್ಸಿನ ಮಾತು ಅಂತ ತಳ್ಳಿಹಾಕುವಂತೆಯೂ ಇಲ್ಲ. 2023ರ ಮಾರ್ಚ್ 30ರಂದು ಅದೇ ಡಿಯೋರ್ ಸಂಸ್ಥೆ ನಮ್ಮ ಗೇಟ್‌ವೇ ಆಫ್ ಇಂಡಿಯಾ ಎದುರಿಗೇ ತನ್ನ ಉಡುಪುಗಳನ್ನು ತೋರಿಸಿತು. ಅಂದಿನ ಮುಖ್ಯ ವಿನ್ಯಾಸಕಿ ಮರಿಯಾ ಗ್ರಾತ್ಸಿಯಾ ಕ್ಯೂರಿ. ಮುಂಬಯಿಯ ಚಾಣಕ್ಯ ಸಂಸ್ಥೆಯ ಕಸೂತಿ ಶಾಲೆಯವರು ಮಾಡಿದ ದೊಡ್ಡ ತೋರಣ ಕಮಾನಿನ ಎದುರು ನಿಂತಿತ್ತು. ಪ್ಯಾರಿಸ್ಸಿನ ಉಡುಪುಗಳ ಕಸೂತಿ ಈ ಊರಿನಲ್ಲಿ ಆಗುತ್ತದೆ ಅಂತ ಅಂದು ಸಂಸ್ಥೆಯೇ ಬಾಯಿಬಿಟ್ಟು ಹೇಳಿದಂತಾಯಿತು. ಇದನ್ನು ಮೆಚ್ಚಲೇಬೇಕು, ಎಷ್ಟೋ ಕಾಲ ಇದನ್ನು ಹೇಳಿದವರೇ ಕಡಿಮೆ. ಆದರೆ ಗೆಳೆಯರೇ, ಕಟ್ಟಿಗೆಯ ಅಡ್ಡೆಗೆ ಬಟ್ಟೆ ಬಿಗಿದು, ಬೆನ್ನು ಬಗ್ಗಿಸಿ ಕೂತು ಆರಿ ಸೂಜಿಯಲ್ಲಿ ಎಳೆ ಎಳೆಯುವ ಕಾರೀಗರರಲ್ಲಿ ಒಬ್ಬರ ಹೆಸರನ್ನು ನಮ್ಮಲ್ಲಿ ಯಾರಾದರೂ ಹೇಳಿ ನೋಡೋಣ. ಆ ಉಡುಪುಗಳು ನಾಳೆ ಯಾವುದೋ ಮ್ಯೂಸಿಯಂ ಸೇರಿದಾಗ ಫಲಕದ ಮೇಲೆ ಏನಿರುತ್ತದೆ ಎಂಬುದನ್ನು ಈಗಲೇ ಊಹಿಸಬಹುದು.

ಹಾಗಾದರೆ ಮ್ಯೂಸಿಯಂಗಳು ಏನು ಮಾಡಬೇಕು? ನಾನು ಕೇಳುವುದು ಆಗದ ಕೆಲಸವೇನಲ್ಲ. 2017ರಲ್ಲಿ ಲಂಡನ್ನಿನ ಅದೇ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಬಾಲೆನ್ಸಿಯಾಗ ಎಂಬ ಇನ್ನೊಬ್ಬ ವಿನ್ಯಾಸಕನ ಉಡುಪುಗಳನ್ನು ತೋರಿಸುವಾಗ ಅವುಗಳ ಎಕ್ಸ್‌ರೇ ತೆಗೆಸಿತು. ನಿಕ್ ವೀಸಿ ಎಂಬ ಕಲಾವಿದ ತೆಗೆದ ಆ ಎಕ್ಸ್‌ರೇಗಳಲ್ಲಿ ಹೊರಗೆ ಕಾಣದ ಒಳಗಿನ ಕೆಲಸವೆಲ್ಲ ಎಲುಬಿನ ಹಾಗೆ ಕಂಡಿತು. ಒಳಗಿನದನ್ನು ತೋರಿಸಿದರೆ ಜನ ಬೇಸರಪಡುತ್ತಾರೆ ಎಂಬ ಭಯ ಬೇಡ. 2019ರಲ್ಲಿ ಅದೇ ಮ್ಯೂಸಿಯಂನ ಡಿಯೋರ್ ಪ್ರದರ್ಶನಕ್ಕೆ ಬಂದವರು ಸುಮಾರು 5 ಲಕ್ಷ 95 ಸಾವಿರ ಜನ. ಇಷ್ಟು ಜನ ಹೊರಗಿನ ಚೆಂದ ನೋಡಲು ಬರುವುದಾದರೆ, ಅವರಲ್ಲಿ ಹೊಲಿಗೆ ಗೊತ್ತಿದ್ದವರು ಕೋಟಿನ ಅಸ್ತರನ್ನೂ ನೋಡಲು ಕಾದಿರುತ್ತಾರೆ.

ಆದ್ದರಿಂದ ನನ್ನ ಕೋರಿಕೆ ಮೂರು. ಒಂದು, ಫಲಕದಲ್ಲಿ ಡಿಸೈನರ ಹೆಸರಿನ ಕೆಳಗೆ ಹೊಲಿಗೆಮನೆಯವರ ಹೆಸರು ಬರಲಿ. ಹಳೆಯದಕ್ಕೆ ಹೆಸರು ಸಿಗದಿದ್ದರೆ "ಹೊಲಿದವರ ಹೆಸರು ದಾಖಲಾಗಿಲ್ಲ" ಅಂತಲಾದರೂ ಬರೆಯಲಿ. ಖಾಲಿ ಜಾಗ ಕಣ್ಣಿಗೆ ಬೀಳಲಿ. ಎರಡು, ಟೋಪಿ, ಕೈಗವಸು, ಚಪ್ಪಲಿಗಳೂ ಉಡುಪಿನ ಭಾಗವೇ. ಯಾವುದು ಜೊತೆಗೇ ಇದ್ದದ್ದು, ಯಾವುದು ಆಮೇಲೆ ಕೂಡಿದ್ದು ಎಂಬುದು ಗಾಜಿನ ಮುಂದೆಯೇ ತಿಳಿಯಲಿ. ಮೂರು, ಇಂದು ಹೊಸದಾಗಿ ಸೇರಿಸಿಕೊಳ್ಳುವ ಉಡುಪುಗಳಿಗೆ ಈ ಹೆಸರುಗಳನ್ನು ಈಗಲೇ ಕೇಳಿ ಬರೆದುಕೊಳ್ಳಲಿ. ಇಂದಿನ ಕಾರೀಗರರು ಇಂದು ಬದುಕಿದ್ದಾರೆ. ಕೇಳಿದರೆ ಹೇಳುತ್ತಾರೆ.

"ಒಬ್ಬೊಬ್ಬರ ಹೆಸರು ಬರೀತಾ ಹೋದ್ರೆ ಫಲಕ ಉಡುಪಿಗಿಂತ ದೊಡ್ಡದಾಗುತ್ತೆ" ಅಂತ ಗೆಳತಿ ಫೋನಿನಲ್ಲಿ ನಕ್ಕಳು. ಆಗಲಿ ಬಿಡಿ. ಸಿನಿಮಾ ಮುಗಿದ ಮೇಲೆ ಲೈಟ್‌ಬಾಯ್ ಹೆಸರಿನ ತನಕ ಓಡುತ್ತದೆ. ಅದರಿಂದ ಯಾವ ಸಿನಿಮಾವೂ ಸಣ್ಣದಾಗಿಲ್ಲ, ಯಾವ ನಿರ್ದೇಶಕನ ಮರ್ಯಾದೆಯೂ ಹೋಗಿಲ್ಲ.

ಇನ್ನೊಬ್ಬರಿಗೆ ಬುದ್ಧಿ ಹೇಳುವ ಮೊದಲು ನಮ್ಮ ಎಲೆಯನ್ನೂ ನೋಡಿಕೊಳ್ಳೋಣ. ಈ ಸಂಚಿಕೆಯ ಮೊದಲ ಪುಟ ತಿರುಗಿಸಿ. ಸಂಪಾದಕರ ಹೆಸರಿದೆ, ಲೇಖಕರ ಹೆಸರಿದೆ, ಸಲಹೆ ಕೊಟ್ಟ ಪ್ರಾಧ್ಯಾಪಕರ ಹೆಸರು ದಪ್ಪ ಅಕ್ಷರದಲ್ಲಿದೆ. ಕೈಗೆ ಮಸಿ ಮೆತ್ತಿಕೊಂಡು ಪ್ರತಿ ತೆಗೆದವರ ಹೆಸರು? ನಡುರಾತ್ರಿ ತನಕ ಪುಟ ಜೋಡಿಸಿ ಪಿನ್ ಹೊಡೆದ ಮೊದಲ ವರ್ಷದ ಹುಡುಗರ ಹೆಸರು? ಸಂಪಾದಕರು ಈ ಮಾತನ್ನು ಕತ್ತರಿಸದೆ ಬಿಟ್ಟರೆ ಮುಂದಿನ ಸಂಚಿಕೆಯಿಂದ ಆ ಹೆಸರುಗಳೂ ಬರಲಿ. ಅದಕ್ಕೆ ನ್ಯೂಯಾರ್ಕಿನ ಅಪ್ಪಣೆ ಬೇಕಿಲ್ಲ.

ಒಪ್ಪದವರು ಬರೆಯಿರಿ, ಮುಂದಿನ ಬೈಠಕ್ಕಿಗೆ ಬನ್ನಿ, ಜಗಳ ಆಡೋಣ. ನಾನು ಈ ಸಲ ಬಾಯಿ ಬಿಡುತ್ತೇನೆ. ಬರುವಾಗ ನೀವು ತೊಟ್ಟ ಅಂಗಿಯ ಕಾಲರಿನ ಒಳಗಿನ ಪಟ್ಟಿಯನ್ನು ಒಮ್ಮೆ ಓದಿಕೊಂಡು ಬನ್ನಿ. ಅಲ್ಲಿರುವ ಹೆಸರು ಅದನ್ನು ಹೊಲಿದವರದಲ್ಲ.